ಹೊಸತೊಡಕಿನ ಬಾಡೂಟಕ್ಕೆ ವೈನು: ಯಾವುದು ಹೊಂದುತ್ತದೆ? ತಿಳಿದವರು ಹೇಳಿ

ಪುಟ್ಟಿ ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ವಿಚಿತ್ರ ಪ್ರಶ್ನೆ. ನಗಬೇಡಿ.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ತವರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಯುಗಾದಿಗೆ ಎಲ್ಲರೂ ಊರು ಸೇರುತ್ತೇವೆ. ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೇ ದಿನ ಹೊಸತೊಡಕು. ಆ ದಿನ ಏನು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಹಿತ್ಯ ಸಮ್ಮೇಳನದಲ್ಲೂ ಬಾಡೂಟ ಕೊಡಿ ಅಂತ ಕೇಳಿದ ಜಿಲ್ಲೆ ನಮ್ಮದು.

ಹೋದ ವರ್ಷ ನಮ್ಮ ಭಾವ ಬೆಂಗಳೂರಿನಿಂದ ಒಂದು ಕೆಂಪು ವೈನ್ ತಂದಿದ್ದರು. ದುಬಾರಿ ಬಾಟಲಿ. ಮರದ ಪೀಪಾಯಿಯಲ್ಲಿ ಇಟ್ಟು ಹದ ಮಾಡಿದ್ದಂತೆ. ಕಾರಿನ ಹಿಂದಿನ ಗಾಜಿನ ಹತ್ತಿರ ಇಟ್ಟುಕೊಂಡು ಬಂದಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಎಲೆ ಹಾಕಿ, ಮುದ್ದೆ ಇಟ್ಟು, ನಾಟಿಕೋಳಿ ಸಾರು ಬಿಟ್ಟ ಮೇಲೆ ಬಾಟಲಿ ಹೊರಗೆ ಬಂತು. ಕಾರ್ಕ್ ತೆಗೆಯುವ ತಿರುಪು ಯಾರ ಹತ್ತಿರವೂ ಇಲ್ಲ. ಅಣ್ಣ ಸೌಟಿನ ಹಿಡಿಯಿಂದ ಕಾರ್ಕನ್ನು ಒಳಕ್ಕೇ ತಳ್ಳಿದ. ಬುಳಕ್ ಅಂತ ಚಿಮ್ಮಿ ಅಪ್ಪನ ಹೊಸ ಪಂಚೆಯ ಮೇಲೆ ಅಂಗೈಯಗಲ ಕಲೆ. ಅಪ್ಪ ಪಾಪ, ಅಳಿಯನ ಮುಖ ನೋಡಿ ಸುಮ್ಮನಾದರು. ಒಂದು ಗುಟುಕು ಕುಡಿದು, "ಏನ್ ಅಳಿಮಯ್ಯ ಇದು? ನೇರಳೆ ಚಕ್ಕೆ ಕಷಾಯ ಕುಡ್ದಂಗಾಯ್ತದಲ್ಲಾ!" ಅಂದರು. ನಾನೂ ಕುಡಿದು ನೋಡಿದೆ. ಬಾಯಿ ಒಣಗಿತು. ಸಾರಿನ ಖಾರ ಎರಡರಷ್ಟಾಯಿತು. ಮುಕ್ಕಾಲು ಬಾಟಲಿ ಬಾಳೆ ಬುಡಕ್ಕೆ ಹೋಯಿತು.

ಭಾವ ಬಿಡುವ ಜನ ಅಲ್ಲ. ಈ ಸಲ ಮೂರು ಬಾಟಲಿ ತರುತ್ತಾರಂತೆ. "ಊಟಕ್ಕೆ ಸರಿಹೋಗುವುದನ್ನು ನೀನೇ ಆರಿಸಿ ಹೇಳು" ಅಂದಿದ್ದಾರೆ. ನಮ್ಮ ಊಟ ಇದು: ಬೆಳಿಗ್ಗೆ ಕಾಲು ಸೂಪು, ಇಡ್ಲಿ. ಹನ್ನೊಂದರ ಮೇಲೆ ಲಿವರ್ ಫ್ರೈ, ಮಟನ್ ಚಾಪ್ಸ್, ಬೋಟಿ ಗೊಜ್ಜು. ಮಧ್ಯಾಹ್ನ ಮುದ್ದೆ, ಮಟನ್ ಸಾರು, ಕೈಮಾ ಉಂಡೆ, ನಾಟಿಕೋಳಿ ಸಾರು, ಅನ್ನ. ಕೊನೆಗೆ ಹಿಂದಿನ ದಿನದ ಒಬ್ಬಟ್ಟು, ತುಪ್ಪ. ಕುಡಿಯುವವರು ಎಂಟು ಜನ. ಇಬ್ಬರು ಹೆಂಗಸರು ರುಚಿ ನೋಡುತ್ತೇವೆ ಅಂದಿದ್ದಾರೆ, ಹೆಸರು ಹೇಳಲ್ಲ.

ಇದಕ್ಕೆಲ್ಲ ಹೊಂದುವ ವೈನ್ ಇದೆಯಾ? ಅಥವಾ ಸುಮ್ನೆ ಆಸೆ ಬಿಡಬೇಕಾ?

ಕಬ್ಬಿನಗದ್ದೆ

ಆಸೆ ಬಿಡಿ ಅಕ್ಕ. ಬಾಡಿಗೆ ರಮ್ಮು, ಬಿಸಿಲಿಗೆ ಬಿಯರು. ವೈನು ಫೋಟೋಗೆ.

ಇನ್ನೊಂದು. ನಮ್ಮೂರಲ್ಲಿ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ವೈನ್ಸ್' ಅಂತ ಬರೆದಿರುತ್ತಾರೆ. ಒಳಗೆ ಹೋಗಿ ವೈನ್ ಕೇಳಿ. ಹುಡುಗ ನಿಮ್ಮನ್ನೇ ಒಂದು ಥರ ನೋಡುತ್ತಾನೆ.

ಹಳೇಸರ್ವರ್

ತಂಗಿ, ಆಸೆ ಬಿಡಬೇಡಿ. ನಾನು ಹನ್ನೆರಡು ವರ್ಷ ಬೆಂಗಳೂರಿನ ಹೋಟೆಲಿನಲ್ಲಿ ವೈನ್ ಬಡಿಸಿದವನು. ಈಗ ಶ್ರೀರಂಗಪಟ್ಟಣದ ಹತ್ತಿರ ಭತ್ತ, ಕಬ್ಬು. ಊರಿಗೆ ಬಂದ ಮೇಲೆ ಬಾಡಿನ ಜೊತೆ ಎಲ್ಲ ಥರದ್ದನ್ನೂ ಕುಡಿದು ನೋಡಿದ್ದೇನೆ. ಜಾಸ್ತಿ ಸಲ ತಪ್ಪೇ ಆಗಿದೆ. ಅದರಿಂದ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಭಾಷೆ. ವೈನ್ ಬಗ್ಗೆ ಮಾತಾಡಲು ದೊಡ್ಡ ದೊಡ್ಡ ಪದ ಬೇಕು ಅಂತ ಜನ ಹೆದರುತ್ತಾರೆ. ಬೇಡ. ನಮ್ಮ ಅಡುಗೆಮನೆಯ ಮೂರು ಮಾತು ಸಾಕು: ಹುಳಿ, ಒಗರು, ಸಿಹಿ. ಯಾವ ಬಾಟಲಿ ಸಿಕ್ಕರೂ ಹುಳಿ ಎಷ್ಟು, ಒಗರು ಎಷ್ಟು, ಸಿಹಿ ಇದೆಯೋ ಇಲ್ಲವೋ ಅಂತ ನೋಡಿ. ಆಮೇಲೆ ಲೇಬಲ್ ತಿರುಗಿಸಿ ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ಓದಿ. ಅಷ್ಟೇ.

ನಿಮ್ಮ ಅಪ್ಪ ಹೇಳಿದ ನೇರಳೆ ಚಕ್ಕೆ ಇದೆಯಲ್ಲ, ಅದಕ್ಕಿಂತ ಚೆನ್ನಾಗಿ ನಮ್ಮ ಹೋಟೆಲಿನ ಮೇಲಿನವರೂ ಹೇಳುತ್ತಿರಲಿಲ್ಲ. ಅದು ಒಗರು. ಟ್ಯಾನಿನ್ ಅನ್ನುತ್ತಾರೆ. ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ ಬರುತ್ತದೆ. ಮರದ ಪೀಪಾಯಿಯಿಂದಲೂ ಸ್ವಲ್ಪ. ಕೆಂಪು ವೈನನ್ನು ಸಿಪ್ಪೆಯ ಸಮೇತ ಹುದುಗಿಸುವುದರಿಂದ ಅದರಲ್ಲಿ ಒಗರು ಜಾಸ್ತಿ. ಬಿಳಿಗೆ ರಸ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ, ಒಗರು ಇರುವುದಿಲ್ಲ ಅಂದರೂ ಸರಿ. ರೋಜಾ ಬಣ್ಣದ್ದು, ರೋಜೆ ಅನ್ನುತ್ತಾರೆ, ಸಿಪ್ಪೆ ಕೆಲವೇ ಗಂಟೆ ರಸದಲ್ಲಿ ಇದ್ದು ಹೋಗಿರುತ್ತದೆ. ಅದಕ್ಕೇ ಆ ಬಣ್ಣ.

ಖಾರಕ್ಕೂ ಒಗರಿಗೂ ಆಗಿಬರುವುದಿಲ್ಲ. ಖಾರಕ್ಕೂ ಆಲ್ಕೋಹಾಲಿಗೂ ಅದೇ ಕತೆ. ಶೇಕಡಾ 14 ಇರುವ, ಪೀಪಾಯಿಯ ಕೆಂಪನ್ನು ನಾಟಿಕೋಳಿ ಸಾರಿನ ಜೊತೆ ಕುಡಿದರೆ ಬೆಂಕಿಗೆ ಎಣ್ಣೆ. ನಿಮ್ಮ ಭಾವ ತಂದದ್ದು ಕೆಟ್ಟ ವೈನ್ ಅಲ್ಲ. ತಪ್ಪು ಎಲೆಗೆ ಬಂದ ವೈನ್.

ನನ್ನ ಮುಖ್ಯ ಮಾತು ಈಗ. ಮುದ್ದೆ ಸಾರಿಗೆ ವೈನ್ ಹುಡುಕಬೇಡಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಸಾರು ಅದನ್ನು ಜಾರಿಸುತ್ತದೆ. ಆ ಊಟದಲ್ಲಿ ನೀರಿಗೇ ಜಾಗ ಇಲ್ಲ, ವೈನಿಗೆ ಎಲ್ಲಿಂದ? ವೈನ್ ಇರಬೇಕಾದ್ದು ಹನ್ನೊಂದರಿಂದ ಒಂದರವರೆಗೆ. ಲಿವರ್, ಚಾಪ್ಸ್, ಬೋಟಿ. ಒಲೆಯಿಂದ ತಟ್ಟೆಗೆ ಸ್ವಲ್ಪ ಸ್ವಲ್ಪವೇ ಬರುತ್ತಿರುತ್ತದೆ. ಎಲ್ಲರೂ ಜಗಲಿಯ ಮೇಲೆ ಕೂತು ಮಾತಾಡುತ್ತಿರುತ್ತಾರೆ. ಬಾಯಿಗೂ ಪುರುಸೊತ್ತು ಇರುತ್ತದೆ. ಎಲೆ ಹಾಕಿದ ಮೇಲೆ ಬಾಟಲಿ ಮುಚ್ಚಿಡಿ.

ಮೂರು ಬಾಟಲಿ ಅಂದರೆ ನಾನು ತರಿಸುವುದು: ಬಿಳಿಯಲ್ಲಿ ಒಂದು ಶೆನಿನ್ ಬ್ಲಾಂಕ್, ಒಂದು ರೋಜೆ, ಕೆಂಪಿನಲ್ಲಿ ಒಂದು ಹಗುರ ಶಿರಾಜ್. ಯಾವುದಕ್ಕೆ ಯಾವುದು ಅಂತ ಸಂಜೆ ಬರೆಯುತ್ತೇನೆ. ಗದ್ದೆಗೆ ನೀರು ಬಿಟ್ಟಿದ್ದಾರೆ.

ಕಬ್ಬಿನಗದ್ದೆ

ನುಂಗುವ ಊಟಕ್ಕೆ ವೈನ್ ಬೇಡ. ಈ ಮಾತು ಒಪ್ಪಿದೆ ಅಣ್ಣ. ರಮ್ಮು ಮಾತ್ರ ಬಿಡಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಹಳೇಸರ್ವರ್ ಅನುಭವದಿಂದ ಹೇಳಿದ್ದಕ್ಕೆ ಕಾರಣವೂ ಇದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಬಾಯಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ನಿಜವಾದ ಬಿಸಿ ಇಲ್ಲ, ಆದರೂ ಸುಟ್ಟಂತೆ ಆಗುತ್ತದೆ. ಆಲ್ಕೋಹಾಲ್ ಕೂಡ ಅದೇ ನರಗಳನ್ನು ಕೆಣಕುತ್ತದೆ. ಎರಡೂ ಸೇರಿದರೆ ಉರಿ ಜಾಸ್ತಿ. ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣ ಕಳೆಯುತ್ತದೆ. ಅದಕ್ಕೇ ಬಾಯಿ ಒಣಗಿದಂತೆ ಆಗುವುದು. ತಣ್ಣಗಿರುವುದು ಮತ್ತು ಸಿಹಿ, ಎರಡೂ ಉರಿಯನ್ನು ತಗ್ಗಿಸುತ್ತವೆ.

ಕೊಬ್ಬು ಇರುವ ಮಾಂಸದ ಜೊತೆ ಮಾತ್ರ ಒಗರು ಹಿತ. ಖಾರ ಕಮ್ಮಿ ಇದ್ದು, ಕಾಳುಮೆಣಸು ಮುಂದಿರುವ ಚಾಪ್ಸ್ ಮಾಡಿ ನೋಡಿ. ಶಿರಾಜ್ ದ್ರಾಕ್ಷಿಯಲ್ಲಿ ರೊಟಂಡೋನ್ ಅನ್ನುವ ವಸ್ತು ಇದೆ. ಕಾಳುಮೆಣಸಿನ ಘಮಕ್ಕೂ ಅದೇ ಕಾರಣ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಗುರುತಿಸಿದರು. ತಮಾಷೆ ಅಂದರೆ, ಸುಮಾರು ಐದು ಜನರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ "ಯಾವ ಮೆಣಸು? ಎಲ್ಲಿದೆ?" ಅಂದರೆ ಜಗಳ ಬೇಡ.

ಕೆ.ಆರ್.ಎಸ್. ಕಡೆಯಿಂದ ಮೀನು ತಂದು ಹುರಿಯುವವರು ಕೆಂಪು ವೈನ್ ಮುಟ್ಟಬೇಡಿ. ಅದರಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿದರೆ ಬಾಯೆಲ್ಲ ನೀಚು ವಾಸನೆ.

ಮಳವಳ್ಳಿ ಮಲ್ಲ

ವೈನ್ ನನಗೆ ಗೊತ್ತಿಲ್ಲ. ಬಾಡಿನ ಬಗ್ಗೆ ಒಂದು ಮಾತು. ಅಕ್ಕಾ, ಮಾಂಸ ಎಲ್ಲಿಂದ? ಅಂಗಡಿಯದ್ದಾ, ಇಲ್ಲಾ ಊರವರು ದುಡ್ಡು ಸೇರಿಸಿ ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುವ ಗುಡ್ಡೆ ಬಾಡಾ? ಗುಡ್ಡೆ ಬಾಡಿನಲ್ಲಿ ಎಲ್ಲ ಭಾಗವೂ ಸ್ವಲ್ಪ ಸ್ವಲ್ಪ ಬರುತ್ತದೆ. ಚಾಪ್ಸ್ ಅಂತ ಬೇರೆ ಸಿಗುವುದಿಲ್ಲ. ಅದನ್ನು ನೋಡಿಕೊಂಡು ಅಡುಗೆ ಯೋಚನೆ ಮಾಡಿ.

ಮತ್ತೆ, ಎಲ್ಲರೂ ಬನ್ನೂರು ಕುರಿ ಬನ್ನೂರು ಕುರಿ ಅನ್ನುತ್ತಾರೆ. ಬನ್ನೂರು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. ಕುರಿಯ ಊರು ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು. ಗಿಡ್ಡ ಕಾಲು, ದುಂಡು ಮೈ, ಕೊಬ್ಬು ಮಾಂಸದೊಳಗೇ ಸೇರಿಕೊಂಡಿರುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ.

ಪುಟ್ಟಿ ಪಾಂಡವಪುರ

ಮಲ್ಲಣ್ಣ, ಗುಡ್ಡೆ ಬಾಡೇ. ಅಣ್ಣ ಚೀಟಿ ಕಟ್ಟಿದ್ದಾನೆ. ಚಾಪ್ಸಿಗೆ ಬೇರೆ ಎರಡು ಕೆ.ಜಿ. ಅಂಗಡಿಯಿಂದ ತರಿಸುತ್ತೇವೆ. ಬಂಡೂರು ಅಂತ ಇನ್ನು ಮೇಲೆ ಸರಿಯಾಗಿ ಹೇಳುತ್ತೇನೆ.

ಹಳೇಸರ್ವರ್

ನೀರು ಕಟ್ಟಿ ಬಂದೆ. ಮುಂದುವರಿಸುತ್ತೇನೆ.

ಶೆನಿನ್ ಬ್ಲಾಂಕ್ ಬಿಳಿ ವೈನ್. ನಮ್ಮ ದೇಶದಲ್ಲಿ ಚೆನ್ನಾಗಿ ಬೆಳೆಯುವ ದ್ರಾಕ್ಷಿ. ಇಲ್ಲಿ ಅದನ್ನು ಬಹಳ ಜನ ಒಂದು ಎಳೆ ಸಿಹಿ ಉಳಿಸಿಯೇ ಮಾಡುತ್ತಾರೆ. ಆ ಎಳೆ ಸಿಹಿಯೇ ನಮಗೆ ಬೇಕಾದ್ದು. ಖಾರದ ಚಾಪ್ಸ್ ಕಚ್ಚಿ, ತಣ್ಣಗಿನ ಶೆನಿನ್ ಒಂದು ಗುಟುಕು. ಸುಲಾ ಕಂಪನಿಯ ಶೆನಿನ್ ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ರೋಜೆ ಬೋಟಿಗೆ. ಬೋಟಿಗೆ ಅದರದ್ದೇ ಒಂದು ವಾಸನೆ ಇರುತ್ತದೆ, ಎಷ್ಟು ತೊಳೆದರೂ. ಅದಕ್ಕೆ ಹುಳಿ ಬೇಕು. ನಾವು ಟೊಮ್ಯಾಟೊ ಹಾಕುತ್ತೇವೆ, ನಿಂಬೆ ಹಿಂಡುತ್ತೇವೆ, ಅಲ್ವಾ? ವೈನಿನಲ್ಲೂ ಹುಳಿ ಇರಬೇಕು. ಒಂದು ನಿಯಮ ನೆನಪಿಡಿ: ತಿನ್ನುವುದರ ಹುಳಿಗಿಂತ ವೈನಿನ ಹುಳಿ ಕಮ್ಮಿ ಇದ್ದರೆ ವೈನ್ ಸಪ್ಪೆ.

ಶಿರಾಜ್ ಲಿವರಿಗೆ. ಲಿವರ್ ಫ್ರೈಗೆ ಹಸಿಮೆಣಸು ಕಮ್ಮಿ ಮಾಡಿ, ಕಾಳುಮೆಣಸು ಜಾಸ್ತಿ ಮಾಡಿ. ಲೇಬಲ್ ಮೇಲೆ 'ರಿಸರ್ವ್' ಅಂತ ಇದ್ದರೆ ಈ ಊಟಕ್ಕೆ ಬೇಡ. ಅದು ಸಾಮಾನ್ಯವಾಗಿ ಪೀಪಾಯಿ ಕಂಡದ್ದು. ಗ್ರೋವರ್ ಕಂಪನಿಯ ಲಾ ರಿಸರ್ವ್ ಅನ್ನುವ ಕೆಂಪು ನನಗೆ ಬಹಳ ಇಷ್ಟ. ಅವರು 1980ರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಬುಡದಲ್ಲಿ ಫ್ರಾನ್ಸಿನ ದ್ರಾಕ್ಷಿ ಹಾಕಿದವರು. ಆದರೆ ಲಾ ರಿಸರ್ವ್ ಕುಡಿಯುವುದು ಡಿಸೆಂಬರ್ ರಾತ್ರಿ, ಖಾರ ಇಲ್ಲದ ಹುರಿದ ಮಾಂಸದ ಜೊತೆ. ಮಾರ್ಚ್ ಮಧ್ಯಾಹ್ನ ಅಲ್ಲ.

ಈಗ ಬಿಸಿಲು. ಇದು ಎಲ್ಲಕ್ಕಿಂತ ದೊಡ್ಡದು. "ಕೆಂಪು ವೈನ್ ಕೋಣೆಯ ಬಿಸಿಯಲ್ಲೇ ಕೊಡಿ" ಅಂತ ಎಲ್ಲೋ ಓದಿರುತ್ತಾರೆ. ಅದು ಯೂರೋಪಿನ ಹಳೆಯ ಕಲ್ಲಿನ ಮನೆಯ ಕೋಣೆ. 16-18 ಡಿಗ್ರಿ. ಹೊಸತೊಡಕಿನ ಹೊತ್ತಿಗೆ ಮಂಡ್ಯದಲ್ಲಿ ಮಧ್ಯಾಹ್ನ 34-35 ಡಿಗ್ರಿ. ಆ ಬಿಸಿಗೆ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ಕೆಂಪನ್ನೂ ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಡಿ. ಬಿಳಿ, ರೋಜೆ ಹಿಂದಿನ ರಾತ್ರಿಯಿಂದಲೇ ಇರಲಿ. ಕಾರಿನಲ್ಲಿ ಸೀಟಿನ ಕೆಳಗೆ, ಬಟ್ಟೆ ಸುತ್ತಿ. ಹಿಂದಿನ ಗಾಜಿನ ಹತ್ತಿರ ಇಡುವುದು ಅಂದರೆ ವೈನನ್ನು ಬೇಯಿಸಿದ ಹಾಗೆ.

ಕರೆಂಟ್ ಹೋದರೆ ಬಕೆಟ್ಟಿಗೆ ಐಸು ಮತ್ತು ನೀರು ಎರಡೂ ಹಾಕಿ, ಒಂದು ಹಿಡಿ ಕಲ್ಲುಪ್ಪು. ಬರೀ ಐಸಿನಲ್ಲಿ ಇಟ್ಟರೆ ಬಾಟಲಿಯ ಸುತ್ತ ಗಾಳಿ ಉಳಿಯುತ್ತದೆ, ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ನೀರು ಸೇರಿದರೆ ಇಪ್ಪತ್ತು ನಿಮಿಷ ಸಾಕು.

ಒಬ್ಬಟ್ಟಿಗೆ ಲೇಟ್ ಹಾರ್ವೆಸ್ಟ್ ಅಂತ ಸಿಹಿ ವೈನ್ ಸಿಗುತ್ತದೆ, ಅದನ್ನು ನೋಡಿ. ದ್ರಾಕ್ಷಿಯನ್ನು ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು, ಸಿಹಿ ಗಟ್ಟಿಯಾದ ಮೇಲೆ ಕೊಯ್ದು ಮಾಡುವುದು. ಒಬ್ಬಟ್ಟಿಗೆ ಹೊಂದಬೇಕು.

ಬನ್ನಿಮಂಟಪ ಬಾಯ್

ಹಳೇಸರ್ವರ್ ಅಣ್ಣನ 'ಎಳೆ ಸಿಹಿ' ಮಾತಿಗೆ ನನ್ನ ಸಾಕ್ಷಿ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ರಾತ್ರಿ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಬಂದ ಮೇಲೆ ಹಂದಿ ಫ್ರೈ, ಕೇಕು, ಸಿಹಿ ಕೆಂಪು ವೈನ್. ಫ್ರೈ ಭಯಂಕರ ಖಾರ. ಅಜ್ಜಿ ಯಾವ ಪುಸ್ತಕವನ್ನೂ ಓದಿದವಳಲ್ಲ. ಖಾರದ ಜೊತೆ ಸಿಹಿ ವೈನ್ ಇಡಬೇಕು ಅಂತ ಅವಳಿಗೆ ಗೊತ್ತಿತ್ತು.

ನಮ್ಮಲ್ಲಿ 'ಪೋರ್ಟ್' ಅಂತ ಮಾರುವುದೇ ಆ ಸಿಹಿ ವೈನ್. ನಿಜವಾದ ಪೋರ್ಟ್ ಬೇರೆ. ಅದು ಪೋರ್ಚುಗಲ್‌ನ ಡೌರೊ ಕಣಿವೆಯದ್ದು. ಹುದುಗು ಬರುತ್ತಿರುವಾಗಲೇ ದ್ರಾಕ್ಷಿಯ ಬ್ರಾಂದಿ ಬೆರೆಸಿ ನಿಲ್ಲಿಸುತ್ತಾರೆ. ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇಕಡಾ 20ರ ಹತ್ತಿರ ಹೋಗುತ್ತದೆ. ನಮ್ಮ ಕಡೆಯ ಸಿಹಿ ವೈನಿಗೆ ಬಹಳ ಸಲ ಬೆಂಗಳೂರು ಬ್ಲೂ ದ್ರಾಕ್ಷಿ. ಆ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಕೂಡ ಸಿಕ್ಕಿದೆ. ವೈನ್ ತಿಳಿದವರು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ. ಬೋಟಿ ಗೊಜ್ಜಿಗೆ ಅದನ್ನು ಐಸ್‌ನಷ್ಟು ತಣ್ಣಗೆ ಮಾಡಿ ಕೊಡಿ. ನಿಮ್ಮ ಅಪ್ಪನವರಿಗೂ ಹಿಡಿಸುತ್ತದೆ.

ಅಗ್ರಹಾರದ ಅತ್ತಿಗೆ

ನಮ್ಮಲ್ಲಿ ಹಬ್ಬದ ದಿನ ಇದೆಲ್ಲ ಮನೆಯೊಳಗೆ ಬರುವುದಿಲ್ಲ. ಹಾಗಾಗಿ ಸುಮ್ನೆ ಓದುತ್ತಿದ್ದೆ. ಆದರೆ ದಸರಾ ಸಮಯದಲ್ಲಿ ಗೆಳತಿಯರೆಲ್ಲ ಸೇರಿ ಮಾಳಿಗೆ ಮೇಲೆ ಒಂದು ಊಟ ಮಾಡುತ್ತೇವೆ. ಪೂರ್ತಿ ಸಸ್ಯಾಹಾರ. ಆಂಬೊಡೆ, ಮೆಣಸಿನಕಾಯಿ ಬೋಂಡಾ, ವಾಂಗೀಬಾತ್, ಮೊಸರನ್ನ. ಕರಿದದ್ದಕ್ಕೆ ನೊರೆ ಬರುವ ಸ್ಪಾರ್ಕ್ಲಿಂಗ್ ವೈನ್ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ? ಎಣ್ಣೆ ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ. 'ಬ್ರೂಟ್' ಅಂತ ಬರೆದಿದ್ದರೆ ಸಿಹಿ ಇಲ್ಲದ್ದು. ವಾಂಗೀಬಾತಿಗೆ ಮಾತ್ರ ಯಾವುದೂ ಹೊಂದಲಿಲ್ಲ. ಚಕ್ಕೆ, ಮೊಗ್ಗು, ಹುಣಸೆ ಎಲ್ಲ ಸೇರಿ ವೈನನ್ನು ಮುಚ್ಚಿ ಹಾಕುತ್ತದೆ.

ದಿನ ನೋಡಿಕೊಳ್ಳಿ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂತು. ಗಾಂಧಿ ಜಯಂತಿ, ಅಂಗಡಿ ಬಂದ್. ನಾವು ಮೊದಲೇ ತಂದಿಟ್ಟಿದ್ದೆವು, ಬಚಾವ್.

ವೇದಿಕೆ ನಿರ್ವಾಹಕ

ಚರ್ಚೆ ಚೆನ್ನಾಗಿದೆ, ಮುಂದುವರಿಸಿ. ಎರಡು ಮಾತು. 21 ತುಂಬದವರಿಗೆ ರುಚಿ ನೋಡಲು ಅಂತಲೂ ಕೊಡಬೇಡಿ. ಸಂಜೆ ಮೈಸೂರಿಗೋ ಬೆಂಗಳೂರಿಗೋ ಗಾಡಿ ಓಡಿಸುವವರು ಮುಟ್ಟಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು.

ವೈನ್ ಹೃದಯಕ್ಕೆ ಒಳ್ಳೆಯದು ಅಂತ ಯಾರೋ ಒಬ್ಬರು ಬರೆದಿದ್ದರು. ತೆಗೆದಿದ್ದೇನೆ. ಇಷ್ಟು ಕುಡಿದರೆ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರುಚಿಯ ಬಗ್ಗೆ ಮಾತಾಡಿ, ಔಷಧ ಅನ್ನಬೇಡಿ.

ಕಬ್ಬಿನಗದ್ದೆ

ಅದು ಬರೆದದ್ದು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಕುಡಿಯದವರಿಗೆ ಮದ್ದೂರು ಎಳನೀರು ಇದೆಯಲ್ಲ. ಬೋಟಿ ತಿಂದು ಎಳನೀರು ಕುಡಿದರೆ ಅದೂ ಒಂದು ಜೋಡಿಯೇ.

ಪುಟ್ಟಿ ಪಾಂಡವಪುರ

ಎಲ್ಲರಿಗೂ ಥ್ಯಾಂಕ್ಸ್. ನಾನು ಸುಮ್ಮನೆ ಕೂರಲಿಲ್ಲ. ಹೋದ ಭಾನುವಾರ ಒಂದು ಪರೀಕ್ಷೆ ಮಾಡಿದೆ.

ಮನೆಯಲ್ಲಿ ಕೋಳಿ ಸಾರು. ಮೈಸೂರಿನಲ್ಲೇ ಒಂದು ಅಂಗಡಿಯಿಂದ ಶಿರಾಜ್ ತಂದೆ. ಅಂಗಡಿಯ ಹೆಸರು ಹೇಳಲ್ಲ. ಬಾಟಲಿ ಬಾಗಿಲ ಎದುರಿನ ಗಾಜಿನ ಕಪಾಟಿನಲ್ಲಿತ್ತು, ಬಿಸಿಲಿಗೆ ಮುಖ ಮಾಡಿ. ಲೇಬಲ್ ಒಂದು ಕಡೆ ಮಾತ್ರ ಬಿಳಿಚಿಕೊಂಡಿತ್ತು. ಕಾರ್ಕಿನ ಹತ್ತಿರ ಜಿಗುಟು. ನಾನು ಗಮನಿಸಲಿಲ್ಲ. ಮನೆಗೆ ತಂದು ತೆಗೆದರೆ ಒಣದ್ರಾಕ್ಷಿ ಬೇಯಿಸಿದ ವಾಸನೆ, ಹಿಂದೆಯೇ ವಿನಿಗರ್. ವಾಪಸ್ ತೆಗೆದುಕೊಳ್ಳಲಿಲ್ಲ. "ವೈನ್ ಹಳೇದಾದಷ್ಟೂ ಒಳ್ಳೇದು ಮೇಡಂ" ಅಂತ ನನಗೇ ಪಾಠ ಹೇಳಿದರು.

ಎರಡನೇ ಬಾಟಲಿ ಬೇರೆ ಕಡೆಯಿಂದ, ಒಳಗಿನ ಕಪಾಟಿನದ್ದು. ತಿರುಪು ಮುಚ್ಚಳ. ಎರಡು ಸ್ಟೀಲ್ ಲೋಟ ಇಟ್ಟುಕೊಂಡೆ. ಒಂದರಲ್ಲಿ ಹಾಗೇ ಬಿಸಿ ವೈನ್, ಇನ್ನೊಂದರಲ್ಲಿ ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಟ್ಟದ್ದು. ಒಂದು ಚಮಚ ಸಾರು, ಒಂದು ಗುಟುಕು. ಬಿಸಿಯದ್ದು ಗಂಟಲವರೆಗೆ ಉರಿಯಿತು. ತಣ್ಣಗಿನದ್ದು ಉರಿಯಲಿಲ್ಲ, ಆದರೆ ಕೊನೆಗೆ ಒಂದು ಕಹಿ ಬಿಟ್ಟಿತು. ಆಮೇಲೆ ಅದೇ ತಣ್ಣಗಿನದ್ದನ್ನು ಬರೀ ಉಪ್ಪು, ಕಾಳುಮೆಣಸು ಹಾಕಿ ಹುರಿದ ಒಂದು ತುಂಡಿನ ಜೊತೆ ಕುಡಿದೆ. ಅಬ್ಬಾ, ಬೇರೆಯದೇ ವೈನ್! ಒಂದೇ ಬಾಟಲಿ ಅಂತ ನಮ್ಮ ಯಜಮಾನರು ನಂಬಲೇ ಇಲ್ಲ. ಅವರಿಗೆ ಮೆಣಸಿನ ವಾಸನೆಯೂ ಸಿಗಲಿಲ್ಲ. ಮೇಷ್ಟ್ರೇ, ನಿಮ್ಮ ಐದರಲ್ಲಿ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ.

ಲೋಟದ ಬಗ್ಗೆ ಕೇಳಬೇಕಿತ್ತು. ಸ್ಟೀಲ್ ನಡೆಯುತ್ತದಾ?

ಹಳೇಸರ್ವರ್

ಅಂಗಡಿಯವರ ಆ ಪಾಠ ಎಲ್ಲ ಕಡೆ ಕೇಳಿದ್ದೇನೆ. ನಮ್ಮಲ್ಲಿ ಸಿಗುವ ಬಿಳಿ, ರೋಜೆ ಎಲ್ಲ ಎಳೆಯದರಲ್ಲೇ ಕುಡಿಯುವಂಥವು. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಜನವರಿಯಿಂದ ಮಾರ್ಚ್‌ವರೆಗೆ. ಯೂರೋಪಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ. ಲೇಬಲ್ ಮೇಲಿನ ವರ್ಷ ಕೊಯ್ಲಿನ ವರ್ಷ. ಬಿಳಿಗೆ ಎರಡು ವರ್ಷಕ್ಕಿಂತ ಹಳೆಯದು ಬೇಡ.

ಸ್ಟೀಲ್ ನಡೆಯುತ್ತದೆ, ವಾಸನೆ ಮಾತ್ರ ಕಮ್ಮಿ ಸಿಗುತ್ತದೆ. ಕಾಫಿ ಕುಡಿಯುವ ಗಾಜಿನ ಲೋಟ ಇದ್ದರೆ ಅದೇ ಸಾಕು, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒಂದು ಬಾಟಲಿಯಲ್ಲಿ 750 ಮಿ.ಲೀ. 100 ಮಿ.ಲೀ.ನಂತೆ ಏಳು ಲೋಟ. ಮೂರು ಬಾಟಲಿಗೆ ಇಪ್ಪತ್ತೊಂದು. ಹತ್ತು ಜನಕ್ಕೆ ತಲಾ ಎರಡು ಲೋಟ, ಒಂದು ನೆಲಕ್ಕೆ ಚೆಲ್ಲುವುದಕ್ಕೆ.

ಬನ್ನಿಮಂಟಪ ಬಾಯ್

ಅಥವಾ ಪಂಚೆಯ ಮೇಲೆ.

ಮಳವಳ್ಳಿ ಮಲ್ಲ

ಒಂದು ಹಳೇ ನೆನಪು. ನಮ್ಮ ತಾತನ ಕಾಲಕ್ಕೆ ಹೊಸತೊಡಕಿಗೆ ಈಚಲ ಹೆಂಡ. ಮಡಕೆಯಲ್ಲಿ ಬರುತ್ತಿತ್ತು, ಹುಳಿ, ನೊರೆ. ಆಮೇಲೆ ಸಾರಾಯಿ ಕಾಲ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರ ವೈನ್ ನೀತಿ ಮಾಡಿತು. ಆಗ ಯಾರಾದರೂ ನಮ್ಮೂರಲ್ಲಿ ಬೋಟಿಗೆ ವೈನ್ ಅಂದಿದ್ದರೆ ಹುಚ್ಚು ಅಂತಿದ್ದರು. ಈಗ ಓದುತ್ತಾ ಯೋಚನೆ ಬಂತು. ಹೆಂಡವೂ ಹುಳಿ, ಆಲ್ಕೋಹಾಲ್ ಕಮ್ಮಿ, ಒಗರು ಇಲ್ಲ. ಹಳೇಸರ್ವರ್ ಅಣ್ಣ ಹೇಳುತ್ತಿರುವ ವೈನ್ ಅದರ ನೆಂಟನೇ ಅಲ್ವಾ?

ಹಳೇಸರ್ವರ್

ಮಲ್ಲಣ್ಣ, ಹನ್ನೆರಡು ವರ್ಷ ಬಡಿಸಿದ ನನಗೆ ಇದು ಹೊಳೆದಿರಲಿಲ್ಲ.

ಪುಟ್ಟಿ ಪಾಂಡವಪುರ (ಹೊಸತೊಡಕು ಕಳೆದ ಎರಡನೇ ದಿನ)

ವರದಿ ಒಪ್ಪಿಸುತ್ತಿದ್ದೇನೆ.

ಬೆಳಿಗ್ಗೆ ಒಂಬತ್ತಕ್ಕೇ ಕರೆಂಟ್ ಹೋಯಿತು. ಅಣ್ಣ ಪಾಂಡವಪುರಕ್ಕೆ ಬೈಕ್ ಓಡಿಸಿ ಐಸು ತಂದ. ಸಿಕ್ಕಿದ್ದು ಮೀನಿನ ಅಂಗಡಿಯ ಐಸು. ದನಕ್ಕೆ ನೀರಿಡುವ ಪ್ಲಾಸ್ಟಿಕ್ ಟಬ್ ತೊಳೆದು, ಐಸು, ಪಂಪ್‌ಸೆಟ್ ನೀರು, ಕಲ್ಲುಪ್ಪು. ಮೂರೂ ಬಾಟಲಿ ಒಳಗೆ. ಇಪ್ಪತ್ತೈದು ನಿಮಿಷಕ್ಕೆ ಕೈ ಇಡಲಾಗದಷ್ಟು ತಣ್ಣಗೆ. ಬಾಟಲಿ ಒರೆಸಿದ ಟವೆಲ್ ಮಾತ್ರ ಇನ್ನೂ ನೀಚು ವಾಸನೆ ಹೊಡೆಯುತ್ತಿದೆ.

ಭಾವ ಈ ಸಲ ಕಾರಿನ ಸೀಟಿನ ಕೆಳಗೆ ಗೋಣಿಚೀಲ ಸುತ್ತಿ ತಂದಿದ್ದರು. ಶೆನಿನ್, ರೋಜೆ, ಶಿರಾಜ್. ಎಲ್ಲವೂ ತಿರುಪು ಮುಚ್ಚಳ. ಸೌಟಿಗೆ ಕೆಲಸ ಬರಲಿಲ್ಲ.

ಮೊದಲು ಚಾಪ್ಸ್, ಶೆನಿನ್. ಹನ್ನೊಂದೂವರೆಗೆ ತೆಗೆದ ಬಾಟಲಿ ಹನ್ನೆರಡಕ್ಕೆ ಇಲ್ಲ. ಖಾರ ತಿಂದು ಹಾ ಹೂ ಅನ್ನುತ್ತಿದ್ದ ಅಣ್ಣನ ಹೆಂಡತಿ ಒಂದು ಗುಟುಕು ಕುಡಿದು, "ಇದೇನಕ್ಕ, ಖಾರಾನೇ ಇಳಿದೋಯ್ತು" ಅಂದಳು. ಯಾರು ಆ ಇಬ್ಬರು ಹೆಂಗಸರು ಅಂತ ಈಗ ಗೊತ್ತಾಯಿತಲ್ಲ, ಒಬ್ಬಳು ಇವಳು.

ಬೋಟಿಗೆ ರೋಜೆ. ದಿನದ ಅತ್ಯುತ್ತಮ ಜೋಡಿ ಇದು, ನನ್ನ ಲೆಕ್ಕದಲ್ಲಿ. ಬೋಟಿಯ ಅಂಟು ನಾಲಿಗೆಯ ಮೇಲೆ ಉಳಿಯುತ್ತದಲ್ಲ, ಅದನ್ನು ಒರೆಸಿ ತೆಗೆದ ಹಾಗೆ. ಮತ್ತೆ ಒಂದು ತುತ್ತು ಬೇಕು ಅನ್ನಿಸುತ್ತದೆ. ಅಪ್ಪ ಬಣ್ಣ ನೋಡಿ ಗುಲಾಬಿ ಷರಬತ್ತು ಅಂದುಕೊಂಡರು. ಕುಡಿದು, "ಪಾನಕದಂಗದೆ, ಆದ್ರೆ ಪಾನಕ ಅಲ್ಲ" ಅಂದರು. ಎರಡನೇ ಲೋಟ ತಾವೇ ಕೇಳಿದರು. ಆಮೇಲೆ ಎದ್ದು ಹೋಗಿ ರಮ್ಮನ್ನೂ ಹಾಕಿಕೊಂಡರು, ಅದು ಬೇರೆ ವಿಷಯ.

ಲಿವರ್ ಜೊತೆ ಶಿರಾಜ್ ಪರವಾಗಿಲ್ಲ. ಅಮ್ಮ ಕಾಳುಮೆಣಸು ಹಾಕಿದಳು, ಆದರೆ ಕೈ ತಡೆಯದೆ ಹಸಿಮೆಣಸೂ ಹಾಕಿದಳು. ಅರ್ಧ ಬಾಟಲಿ ಉಳಿಯಿತು.

ಎಲೆ ಹಾಕಿದ ಮೇಲೆ ಬಾಟಲಿ ಮುಚ್ಚಿಟ್ಟೆವು. ಭಾವ ಮಾತ್ರ ಕೇಳಲಿಲ್ಲ, ನಾಟಿಕೋಳಿ ಸಾರಿನ ಜೊತೆ ಶಿರಾಜ್ ಕುಡಿದು ಕೆಮ್ಮಿದರು. ಯಾರೂ ಏನೂ ಅನ್ನಲಿಲ್ಲ. ಅಳಿಯ.

ಒಬ್ಬಟ್ಟಿಗೆ ನಾನೇ ಮೈಸೂರಿನಿಂದ ಲೇಟ್ ಹಾರ್ವೆಸ್ಟ್ ಚಿಕ್ಕ ಬಾಟಲಿ ತಂದಿದ್ದೆ. ಹಳೇಸರ್ವರ್ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಅದು ಸೋತಿತು. ಹಾಗೇ ಕುಡಿದರೆ ಜೇನಿನ ಹಾಗಿತ್ತು. ಒಬ್ಬಟ್ಟು ತಿಂದ ಮೇಲೆ ನಿಂಬೆ ಹಿಂಡಿದ ನೀರು.

ಹಳೇಸರ್ವರ್

ಬೇಜಾರು ಯಾಕೆ, ತಪ್ಪು ನನ್ನದೇ. ತಿನ್ನುವ ಸಿಹಿಗಿಂತ ವೈನಿನ ಸಿಹಿ ಒಂದು ಕೈ ಮೇಲಿರಬೇಕು ಅನ್ನುವುದು ಮೊದಲ ಪಾಠ. ಮಂಡ್ಯದ ಬೆಲ್ಲ ಅನ್ನುವುದನ್ನೇ ಮರೆತೆ. ಅದನ್ನು ಮೀರಿಸುವ ವೈನ್ ಇಲ್ಲ. ಒಬ್ಬಟ್ಟಿಗೆ ತುಪ್ಪ, ಹಾಲು.

ಉಳಿದ ಶಿರಾಜ್ ಏನು ಮಾಡಿದಿರಿ? ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟರೆ ಮೂರು ದಿನ ಬರುತ್ತದೆ.

ಕಬ್ಬಿನಗದ್ದೆ

ಅಪ್ಪನವರು ಕೊನೆಗೆ ರಮ್ಮಿಗೇ ಬಂದರಲ್ಲ. ಅಷ್ಟು ಸಾಕು ನನಗೆ.

ಪುಟ್ಟಿ ಪಾಂಡವಪುರ

ಶಿರಾಜ್ ಮಾರನೇ ದಿನ ಸಂಜೆ ಖಾಲಿಯಾಯಿತು. ದೊಡ್ಡಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ಲೋಟ ಕುಡಿದರು, ಉಳಿದ ಚಾಪ್ಸ್ ತುಂಡಿನ ಜೊತೆ. ಇಬ್ಬರಲ್ಲಿ ಎರಡನೆಯವರು ಅವರೇ. ಖಾಲಿ ಬಾಟಲಿಗಳನ್ನು ಭಾವ ಎಸೆಯಲು ಹೊರಟಿದ್ದರು. ಅಮ್ಮ ಕಿತ್ತುಕೊಂಡಳು. ಒಂದಕ್ಕೆ ಆಗಲೇ ಹರಳೆಣ್ಣೆ ತುಂಬಿಸಿದ್ದಾಳೆ. ತಿರುಪು ಮುಚ್ಚಳ ಭದ್ರವಾಗಿ ಕೂರುತ್ತದಂತೆ, ಬರುವ ವರ್ಷವೂ ಇಂಥದ್ದನ್ನೇ ತರಲು ಹೇಳಿದ್ದಾಳೆ.